ಬಾವನ ಸೈಕಲಿಗೆ ಊರೇ ದಾರಿ ಗುಡಿಸಿದ್ದು

ಗಲ್ಫಿನಿಂದ ರಜೆಗೆ ಬರುವವರು ಟೇಪ್ ರೆಕಾರ್ಡರ್ ತರುತ್ತಿದ್ದರು, ಕಂಬಳಿ ತರುತ್ತಿದ್ದರು, ಸೆಂಟಿನ ಬಾಟಲಿ ತರುತ್ತಿದ್ದರು. ನಮ್ಮ ಬಾವ, ಅಂದರೆ ಅಕ್ಕನ ಗಂಡ, ಸೈಕಲ್ ತಂದರು. ಅದೂ ಬಿಡಿಬಿಡಿಯಾಗಿ, ರಟ್ಟಿನ ಪೆಟ್ಟಿಗೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮೂಡಬಿದಿರೆಯಲ್ಲಿ ಬಿ.ಎಡ್. ಓದುತ್ತಿದ್ದೆ, ಎಲ್ಲ ಬಲ್ಲೆ ಎಂಬ ವಯಸ್ಸು. ಬಾವ ಬೆಳುವಾಯಿಯ ತಮ್ಮ ಮನೆಯಲ್ಲಿ ಸೈಕಲ್ ಜೋಡಿಸಿ, ಜೀಪಿನ ಮೇಲೆ ಕಟ್ಟಿ, ಅಕ್ಕನನ್ನು ಜೀಪಿನ ಒಳಗೆ ಕೂರಿಸಿ, ಮಡಂತ್ಯಾರಿನ ಹತ್ತಿರದ ನಮ್ಮ ಗುಡ್ಡೆಯ ಮನೆಗೆ ಬಂದರು.

ಸೈಕಲ್ ನೋಡಲು ಬಂದವರೆಲ್ಲ ಅದರಲ್ಲಿ ಇಲ್ಲದ್ದನ್ನೇ ಹೇಳಿ ಹೋದರು. ಕ್ಯಾರಿಯರ್ ಇಲ್ಲ, ಮಡ್ಗಾರ್ಡ್ ಇಲ್ಲ, ಬೆಲ್ ಇಲ್ಲ, ಸ್ಟ್ಯಾಂಡ್ ಕೂಡ ಇಲ್ಲ. ಇದ್ದದ್ದು ಒಂದು ರಾಶಿ ಗಿಯರು, ಟ್ರಾಕ್ಟರಿಗೆ ಆಗುವಂಥ ಟಯರು. ಒಂದು ಅಕ್ಕಿ ಮುಡಿ ಹೇರಲಿಕ್ಕಾಗದ ಸೈಕಲ್ ಯಾಕೆ ಎಂದು ಅಮ್ಮ ನನ್ನಲ್ಲಿ ಗುಟ್ಟಾಗಿ ಕೇಳಿದರು. ಅಳಿಯನಲ್ಲಿ ಕೇಳುವ ಧೈರ್ಯ ಅವರಿಗಿರಲಿಲ್ಲ.

ಬಾವ ಹೇಳಿದ ಪ್ರಕಾರ, ದುಬಾಯಿಯಲ್ಲಿ ಶುಕ್ರವಾರ ರಜೆ ಸಿಕ್ಕರೆ ಅವರೂ ಇನ್ನು ಕೆಲವರೂ ಬೋಳುಗುಡ್ಡಗಳ ಕಲ್ಲುದಾರಿಯಲ್ಲಿ ಇದೇ ಥರದ ಸೈಕಲ್ ಬಿಡುತ್ತಾರಂತೆ. ಒಬ್ಬನೇ ಹೋಗಲಿಕ್ಕಾಗುವಷ್ಟು ಸಪೂರ ದಾರಿ ಇದ್ದರೆ ಅದು ಬಹಳ ಒಳ್ಳೆಯದಂತೆ. ನಮ್ಮ ಮನೆಯಿಂದ ಕೆಳಗಿನ ಡಾಮರು ರಸ್ತೆಗೆ ಇಳಿಯುವ ದಾರಿಯನ್ನು ನೋಡಿ ಅವರು ಅಂಗಳದ ತುದಿಯಲ್ಲೇ ನಿಂತುಬಿಟ್ಟರು. ಗೇರುಗುಡ್ಡೆಯ ಇಳಿಜಾರು, ಮುರಕಲ್ಲಿನ ಮೆಟ್ಟಿಲು, ಎದ್ದು ನಿಂತ ಬೇರುಗಳು, ಗದ್ದೆಯ ಬದುವಾದ ಕಟ್ಟಪುಣಿ, ನೀರು ಹರಿಯುವ ತೋಡನ್ನು ದಾಟಲು ಅಡಿಕೆ ಮರದ ಸಂಕ. ತಲೆಯ ಮೇಲೆ ಹೊರೆ ಹೊತ್ತು ಆ ದಾರಿಯಲ್ಲಿ ಹತ್ತುವಾಗ ನಾವು ಬೈಯದ ದಿನ ಇರಲಿಲ್ಲ. ಇಂಥದ್ದಕ್ಕೆ ಹೊರದೇಶದಲ್ಲಿ ಜನ ವಿಮಾನ ಹತ್ತಿ ಹೋಗ್ತಾರೆ ಎಂದರು ಬಾವ. ನನಗೆ ಅವರ ತಲೆಯ ಬಗ್ಗೆ ಸಂಶಯ ಬಂತು.

ಆ ರಜೆಯಲ್ಲಿ ಅವರಿಗೆ ಬೇಕಾದದ್ದು ಒಂದೇ ಆಯಿತು. ನಮ್ಮ ಅಂಗಳದಿಂದ ಹೊರಟು ಡಾಮರು ರಸ್ತೆ ಮುಟ್ಟುವವರೆಗೆ, ಎಲ್ಲಿಯೂ ಕಾಲೂರದೆ, ಒಂದು ಸಲ ಇಳಿಯಬೇಕು.

ಅಕ್ಕನಿಗೆ ಇದು ಹುಚ್ಚು. ಅವಳು ಸಿಡುಕಲು ಬೇರೆ ಕಾರಣವೂ ಇತ್ತು. ಮದುವೆಯಾಗಿ ವರ್ಷಗಳಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಬಾವ ಊರಿಗೆ ಬಂದರೆ ಸಾಕು, ಯಾರಾದರೊಬ್ಬರು ಅಮ್ಮನನ್ನು ಅಡುಗೆಮನೆಯ ಮೂಲೆಗೆ ಕರೆದು ಒಬ್ಬ ಡಾಕ್ಟರನ್ನೋ ಒಂದು ದೇವಸ್ಥಾನವನ್ನೋ ಶಿಫಾರಸು ಮಾಡುತ್ತಿದ್ದರು. ಅಕ್ಕ ಅದನ್ನು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದಳು. ಬಾವನಿಗೆ ಕಡೇಪಕ್ಷ ಓಡಿಹೋಗಲು ಸೈಕಲ್ ಇತ್ತು.

ಇಳಿಯುವ ಕೆಲಸ ಅವರು ಎಣಿಸಿದ ಹಾಗೆ ಆಗಲಿಲ್ಲ. ಬೇರು, ಮೆಟ್ಟಿಲುಗಳ ಉಪದ್ರ ಇರಲಿಲ್ಲ, ಅವನ್ನು ಬಾವ ಸಲೀಸಾಗಿ ದಾಟುತ್ತಿದ್ದರು. ಉಪದ್ರ ಅಂಗಳಗಳದ್ದು. ನಮ್ಮ ಕಡೆ ಕಾಲುದಾರಿ ಎಂದರೆ ಯಾರ ಯಾರದೋ ಅಂಗಳ ಹಾದೇ ಹೋಗಬೇಕು; ಅಂಗಳ ಹಾಯುವವನು ನಿಂತು ಎರಡು ಮಾತಾಡಬೇಕು; ಅವನು ಊರಿನ ಅಳಿಯನಾದರೆ ಕುಳಿತು ಬೆಲ್ಲ ತಿಂದು ನೀರು ಕುಡಿಯಬೇಕು. ಮೊದಲ ದಿನ ಬಾವ ಎರಡನೆಯ ಮನೆಯಲ್ಲಿ ಬೆಲ್ಲ ತಿಂದರು, ಮೂರನೆಯದರಲ್ಲಿ ಎಳನೀರು ಕುಡಿದರು, ಅದರ ಕೆಳಗಿನ ಮನೆಯಲ್ಲಿ ನೀರುದೋಸೆಗೆ ಸಿಕ್ಕಿಬಿದ್ದು ರಸ್ತೆಯನ್ನೇ ಕಾಣದೆ ಸೈಕಲ್ ನೂಕಿಕೊಂಡು ಮೇಲೆ ಬಂದರು. ಮರುದಿನ ಗಟ್ಟಿ ಮನಸ್ಸು ಮಾಡಿ, ಕರೆದರೂ ತಿರುಗಿ ನೋಡದೆ ಎರಡು ಅಂಗಳ ದಾಟಿ, ಮೂರನೆಯದರಲ್ಲಿ ಮತ್ತೆ ಸಿಕ್ಕಿಬಿದ್ದರು. ಅವರು ವಾಪಸು ಬರುವುದಕ್ಕೆ ಮೊದಲೇ ಸುದ್ದಿ ನಮ್ಮ ಮನೆಗೆ ಬಂದಿತ್ತು. ಅಳಿಯನಿಗೆ ಮಾವನ ಮನೆಯಲ್ಲಿ ಏನೋ ಬೇಸರವಾಗಿದೆ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಾರೆ. ಅಮ್ಮ ಆ ದಿನ ಊಟ ಮಾಡಲಿಲ್ಲ.

ಇದನ್ನು ಸರಿಮಾಡಲು ಹೊರಟವರೂ ಅಮ್ಮನೇ. ಬಾವನ ರಜೆ ಮುಗಿಯುತ್ತಾ ಬಂದಿತ್ತು. ಒಳ್ಳೆಯ ಸೀರೆ ಉಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು, ದಾರಿಯುದ್ದಕ್ಕೂ ಮನೆ ಮನೆಗೆ ಹೋದರು. ಎಲ್ಲ ಕಡೆ ಒಂದೇ ಮಾತು.

"ನಾಳಿದ್ದು ಬೆಳಿಗ್ಗೆ ಅಳಿಯ ಸೈಕಲಲ್ಲಿ ಇಳೀತಾರೆ. ರಸ್ತೆ ಮುಟ್ಟುವವರೆಗೆ ಅವರ ಕಾಲು ನೆಲಕ್ಕೆ ತಾಗ್ಲಿಕ್ಕಿಲ್ಲ. ದಯಮಾಡಿ ನಿಲ್ಲಿಸ್ಬೇಡಿ."

ಕೇಳಿದವರ ಮುಖ ಗಂಭೀರವಾಗುತ್ತಿತ್ತು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಒಂದು ಮನೆಯಲ್ಲಿ ಅಮ್ಮನ ಕೈ ಹಿಡಿದು, ಒಳ್ಳೆಯದಾಗ್ತದೆ ಎಂದರು. ಇನ್ನೊಂದು ಮನೆಯ ಯಜಮಾನರು ಅಂಗಿ ಹಾಕಿಕೊಂಡು ಬಂದು ಮತ್ತೆ ಕೇಳಿಸಿಕೊಂಡರು. ರಸ್ತೆ ಬದಿಯ ಕೊನೆಯ ಮನೆ ಬ್ಯಾರಿ ಮುಸ್ಲಿಮರದ್ದು. ಅಲ್ಲಿಯ ಅಜ್ಜಿ ಊರಿಗೆಲ್ಲ ಉಮ್ಮ. ಅವರು ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿದರು. ನಮ್ಮೂರಿನವರು ಎಷ್ಟು ತಿಳಿದವರು ಎಂದು ನಾನು ಹೆಮ್ಮೆಪಟ್ಟುಕೊಂಡೆ. ಬಿ.ಎಡ್. ಓದಿದ ತಲೆ ನೋಡಿ.

ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಹೆಂಗಸೊಬ್ಬಳು ಒಳ್ಳೆಯ ಸೀರೆ ಉಟ್ಟು ಮನೆ ಮನೆಗೆ ಹೋಗಿ ದಿನ ಹೇಳಿ ಬರುವುದು ಮದುವೆಗೆ, ಇಲ್ಲವೇ ದೈವದ ಕೆಲಸಕ್ಕೆ. ಮಕ್ಕಳಿಲ್ಲದ ಅಳಿಯ ಗುಡ್ಡೆಯ ತುದಿಯಿಂದ ತೋಡಿನಾಚೆಯವರೆಗೆ ಕಾಲು ನೆಲಕ್ಕೆ ತಾಗಿಸದೆ ಇಳಿಯುತ್ತಾನೆ ಎಂದರೆ ಅದಕ್ಕೆ ಊರಿನ ಲೆಕ್ಕದಲ್ಲಿ ಒಂದೇ ಅರ್ಥ. ಅದು ಹರಕೆ.

ಆ ಬೆಳಿಗ್ಗೆ ಅಕ್ಕ ಮೈ ಒರೆಸುವ ಒಂದು ಬೈರಾಸು ಹಿಡಿದುಕೊಂಡು, ಬಿದ್ದವರನ್ನು ಎತ್ತಲಿಕ್ಕೆ ಯಾರಾದರೂ ಬೇಕಲ್ಲ ಎಂದು ಗೊಣಗುತ್ತಾ ರಿಕ್ಷಾದಲ್ಲಿ ಸುತ್ತುಬಳಸಿ ರಸ್ತೆಗೆ ಹೋದಳು. ಬಾವ ಹೊರಟರು. ನಾನು ಹಿಂದೆ ಓಡಿದೆ.

ಮೊದಲ ತಿರುವಿನಲ್ಲೇ ಬಾವ ಕೂಗಿದರು, ಕಲ್ಲು ಎಲ್ಲಿ ಹೋಯಿತು ಎಂದು. ಕಲ್ಲು ಇರಲಿಲ್ಲ. ಬೇರುಗಳ ಮೇಲೆ ಮಣ್ಣು ಹಾಕಿ ತಟ್ಟಿದ್ದರು. ಮುರಕಲ್ಲಿನ ಮೆಟ್ಟಿಲಿಗೆ ಮಣ್ಣು ತುಂಬಿಸಿ ಹಲಗೆ ಇಟ್ಟಿದ್ದರು. ಮುಳ್ಳು ಕಡಿದಿದ್ದರು, ದಾರಿಗೆ ಅಡ್ಡ ಕಟ್ಟಿದ್ದ ತಡಮೆ ಕಳಚಿಟ್ಟಿದ್ದರು, ಅಂಗಳಗಳಿಗೆ ಸೆಗಣಿ ಸಾರಿಸಿದ್ದರು. ಬಾವ ರಜೆಯಿಡೀ ಆಸೆಪಟ್ಟ ದಾರಿಯನ್ನು ಊರವರು ಎರಡು ದಿನ ಕೂತು ಗುಡಿಸಿ, ತೊಟ್ಟಿಲು ಎಳೆದುಕೊಂಡು ಹೋದರೂ ಮಗು ಏಳದಷ್ಟು ನಯ ಮಾಡಿ ಇಟ್ಟಿದ್ದರು. ಪ್ರತಿ ಅಂಗಳದಲ್ಲೂ ಮನೆಯವರು ಸಾಲಾಗಿ ನಿಂತಿದ್ದರು. ಯಾರೂ ಕರೆಯಲಿಲ್ಲ, ಬೆಲ್ಲ ಕೊಡಲಿಲ್ಲ. ಕೆಲವರು ಕೈ ಮುಗಿದರು. ಬಾವನೂ ಏನು ಮಾಡುವುದೆಂದು ತಿಳಿಯದೆ ಒಂದು ಕೈ ಬಿಟ್ಟು ನಮಸ್ಕಾರ ಮಾಡಿದರು, ಸೈಕಲ್ ಓಲಾಡಿತು, ಅಂಗಳಕ್ಕೆ ಅಂಗಳವೇ ಹೆದರಿ ಉಸಿರೆಳೆಯಿತು.

ಕಟ್ಟಪುಣಿಯಲ್ಲಿ ಮುಂದಿನ ಚಕ್ರ ಜಾರಿ ಬಾವನ ಮುಖಕ್ಕೆ ಕೆಸರು ಹಾರಿತು. ಬಾವ ಗದ್ದೆಗೆ ಬೀಳುವವರೇ. ಆದರೆ ಕೆಸರಿನಲ್ಲಿ ಎರಡೂ ಬದಿಗೆ ಗಂಡಸರು ಆ ಉದ್ದೇಶಕ್ಕೆಂದೇ ನಿಂತಿದ್ದರು. ನಾಲ್ಕು ಜನ ಸೈಕಲನ್ನು ಬಾವನ ಸಮೇತ ಎತ್ತಿ ಹಿಡಿದರು.

"ಬಿಡಿ ಮಾರಾಯ್ರೆ, ಬೀಳ್ತೇನೆ, ಬಿಡಿ" ಎಂದರು ಬಾವ.

"ನೀವು ಹೆದ್ರಬೇಡಿ. ನಾವು ಇದ್ದೇವಲ್ಲ" ಎಂದರು ಹೊತ್ತವರಲ್ಲಿ ಹಿರಿಯರು.

ಬಾವ ಪೆಡಲ್ ತುಳಿಯುತ್ತಲೇ ಇದ್ದರು. ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಸಂಕವನ್ನು ಹಾಗೆಯೇ ದಾಟಿಸಿ, ರಸ್ತೆಯ ಅಂಚಿಗೆ ತಂದು, ಡಾಮರಿನ ಮೇಲೆ ಚಕ್ರ ಊರಿಸಿ, ಇಬ್ಬರು ಎರಡು ಕಡೆ ಹಿಡಿದುಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದು ಮುಟ್ಟುವಾಗ ಉಮ್ಮ ತಮ್ಮ ಗೇಟಿನಿಂದ ಹೊರಗೆ ಬರುತ್ತಿದ್ದರು. ಅಕ್ಕ ಬೈರಾಸು ಹಿಡಿದು ನಿಂತಿದ್ದಳು.

ಉಮ್ಮ ಸೈಕಲಿನ ಹ್ಯಾಂಡಲ್ ಮುಟ್ಟಿದರು. "ಮಗುವಿಗೆ ಅಲ್ವಾ ಹೇಳಿಕೊಂಡದ್ದು? ಆಗ್ತದೆ ಮಗಾ. ನಾನೂ ದರ್ಗಕ್ಕೆ ಹೇಳಿಕೊಂಡಿದ್ದೇನೆ."

ನನ್ನ ನಗು ಅಲ್ಲಿಗೇ ನಿಂತಿತು. ಬಾವನಿಗೆ ಒಂದೊಂದೇ ತಿಳಿಯುತ್ತಾ ಬಂದದ್ದು ಮುಖದಲ್ಲಿ ಕಾಣುತ್ತಿತ್ತು. ಗುಡಿಸಿದ ದಾರಿ, ಮುಗಿದ ಕೈಗಳು, ಕೆಸರಿನಲ್ಲಿ ನಿಂತ ಗಂಡಸರು. ಅವರು ಸುಳ್ಳು ಹೇಳುವವರಲ್ಲ. ಇದು ಬರೀ ಆಟ ಎಂದು ಹೇಳಲು ಬಾಯಿ ತೆರೆದರು. ನನಗೆ ಅಕ್ಕನನ್ನು ನೋಡಲು ಭಯವಾಯಿತು. ಆ ವಿಷಯ ಎತ್ತಿದರೆ ಎದ್ದು ಹೋಗುವವಳು ಅವಳು.

ಬಾವ ಮಾತು ತೆಗೆಯುವ ಮೊದಲೇ ಅಕ್ಕ ಹೇಳಿದಳು. "ಹೌದು ಉಮ್ಮ, ಅದಕ್ಕೇ. ಇವರು ಮಾಡ್ಬೇಕಾದ್ದು ಮಾಡಿ ಆಯ್ತು. ಇನ್ನು ಆದ್ರೆ ಸಂತೋಷ, ಆಗದಿದ್ರೂ ನಾವು ಸಂತೋಷದಲ್ಲೇ ಇರ್ತೇವೆ. ಇನ್ನು ಯಾರೂ ನಮ್ಮತ್ರ ಅದನ್ನು ಕೇಳ್ಲಿಕ್ಕಿಲ್ಲ."

ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. ಆಮೇಲೆ ಬೈರಾಸಿನಿಂದ ಬಾವನ ಮುಖದ ಕೆಸರು ಒರೆಸಿದಳು, ಅಷ್ಟು ಜನರ ಎದುರು. ಬಾವ ಕಾಲು ಕೆಳಗಿಟ್ಟರು.

ಹರಕೆ ಸಂದ ಮೇಲೆ ಅದರ ಬಗ್ಗೆ ಮಾತೆತ್ತುವುದು ನಮ್ಮಲ್ಲಿ ಇಲ್ಲ. ಆ ದಿನದಿಂದ ಅಮ್ಮನನ್ನು ಯಾರೂ ಅಡುಗೆಮನೆಯ ಮೂಲೆಗೆ ಕರೆಯಲಿಲ್ಲ. ಎಷ್ಟು ಡಾಕ್ಟರುಗಳಿಗೆ ನಷ್ಟವಾಯಿತೋ ಏನೋ. ಅಮ್ಮನಿಗೆ ಇಡೀ ವಿಷಯ ಅರ್ಥವಾಗಲು ಇನ್ನೂ ಎರಡು ದಿನ ಹಿಡಿಯಿತು.

ಬಾವ ಮಾತ್ರ ತಮ್ಮ ಕಲ್ಲುದಾರಿ ಹೋಯಿತೆಂದು ಸಂಜೆಯಿಡೀ ಸಪ್ಪಗೆ ಕೂತಿದ್ದರು. ಮರುದಿನ ಬೆಳಿಗ್ಗೆ ದಾರಿಯ ಕಡೆಯಿಂದ ಕಲ್ಲು ಉರುಳುವ ಶಬ್ದ ಕೇಳಿ ಹೋಗಿ ನೋಡಿದೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಬಾವ ಹಾರೆ ಹಿಡಿದು ಬೇರಿನ ಮೇಲಿನ ಮಣ್ಣು ಕೀಳುತ್ತಿದ್ದರು. ಅಕ್ಕ ಸೀರೆ ಎತ್ತಿ ಕಟ್ಟಿ, ಬದಿಗೆ ಸರಿಸಿದ್ದ ಒಂದು ದೊಡ್ಡ ಮುರಕಲ್ಲನ್ನು ಎರಡು ಕೈಯಲ್ಲಿ ದಾರಿಯ ನಡುವೆ ಎಳೆದು ತಂದಿದ್ದಳು.

"ಇಲ್ಲಿ ಸಾಕಾ," ಎಂದು ಗಂಡನನ್ನು ಕೇಳುತ್ತಿದ್ದಳು, "ಇನ್ನೂ ಸ್ವಲ್ಪ ಬಲಕ್ಕೆ ಬೇಕಾ?"