ಬಾಗಿಲಕ್ಕನ ಹತ್ತು ನಿಮಿಷ

ಬೆಳಗಿನ ಐದೂ ಕಾಲು. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯ ಹಿಂಬಾಗಿಲಿಗೆ ಇನ್ನೂ ಬೆಳಕು ತಾಕಿಲ್ಲ. ಒಳಗೆ ಬಾಯ್ಲರ್ ಆಗಲೇ ಬುಸುಗುಟ್ಟುತ್ತಿದೆ. ಕಬ್ಬಿಣದ ಬಾಗಿಲ ಪಕ್ಕದ ಮೇಜಿನ ಮೇಲೆ ಕೊಳೆಬಟ್ಟೆಯ ಒಂದು ಗಂಟು, ಸುತ್ತ ನಾಲ್ವರು ಹೊಸ ಹೆಂಗಸರು. ನಾಲ್ವರ ಕೊರಳಲ್ಲೂ ಏಜೆನ್ಸಿಯ ಕಾರ್ಡು. ಎದುರಿಗೆ ಐವತ್ತರ ಗಿಡ್ಡ ಹೆಂಗಸೊಬ್ಬರು, ಮೊಣಕೈವರೆಗೆ ದಪ್ಪ ರಬ್ಬರ್ ಗ್ಲೌಸು ತೊಟ್ಟು ನಿಂತಿದ್ದಾರೆ.

"ಕೈ ಒಳಗೆ ಹಾಕ್ಬೇಡಿ. ಇದು ನಿಮ್ಮ ಮನೆ ಬಟ್ಟೆ ಅಲ್ಲ. ನಾಲ್ಕು ತುದಿ ಬಿಡಿಸಿ, ಒಂದೊಂದೇ ತುದೀನ ಮೇಜಿನ ಅಂಚಿಗೆ ಎಳ್ಕೊಳ್ಳಿ. ಗಂಟು ತಾನೇ ಬಾಯಿ ಬಿಡುತ್ತೆ. ಮೊದಲು ಕಣ್ಣು, ಆಮೇಲೆ ಕೈ."

"ಒಳಗೆ ಏನಿರುತ್ತಕ್ಕಾ?" ಒಬ್ಬಳು ಕೇಳುತ್ತಾಳೆ.

"ಏನೂ ಇರಬಾರ್ದು. ಆದ್ರೆ ಇರುತ್ತೆ. ಕನ್ನಡಕ ಸಿಕ್ಕಿದೆ, ಕತ್ತರಿ ಸಿಕ್ಕಿದೆ, ಒಂದ್ಸಲ ಯಾರದೋ ಹಲ್ಲಿನ ಸೆಟ್ಟೇ ಸಿಕ್ತು."

ಕಿಸಕ್ಕನೆ ನಗು.

"ನಗಬೇಡ. ಹಲ್ಲು ಕಚ್ಚಲ್ಲ. ಸೂಜಿ ಕಚ್ಚುತ್ತೆ."

ಹತ್ತು ನಿಮಿಷದ ಈ ಪಾಠ ಯಾವ ಹಾಜರಿಯಲ್ಲೂ ಬರುವುದಿಲ್ಲ. ಐದೂವರೆಗೆ ಗೋಡೆಯ ಯಂತ್ರಕ್ಕೆ ಕಾರ್ಡು ತೋರಿಸಿದ ಮೇಲಷ್ಟೇ ಕೆಲಸ ಶುರುವಾಯಿತೆಂದು ಲೆಕ್ಕ. ಅದಕ್ಕೂ ಮುಂಚೆ ಬಂದು, ಹೊಸಬರು ಬರುವುದನ್ನೇ ಕಾದು, ಹಿಡಿದು ನಿಲ್ಲಿಸಿ ಕಲಿಸುವುದು ಈ ಹೆಂಗಸಿನ ಸ್ವಂತ ಕೆಲಸ. ಲಾಂಡ್ರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಬಾಗಿಲಕ್ಕ ಎಂದು. ಈ ಬಾಗಿಲಿನಿಂದ ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂಬುದನ್ನು ಹದಿಮೂರು ವರ್ಷ ಇವರೊಬ್ಬರೇ ತೀರ್ಮಾನಿಸುತ್ತಿದ್ದರು. ಎರಡು ತಿಂಗಳಿಂದ ಆ ಅಧಿಕಾರ ಇವರ ಕೈಯಲ್ಲಿಲ್ಲ.

ಇವತ್ತು ಗುರುವಾರ. ಹನ್ನೊಂದಕ್ಕೆ ಬಾಗಿಲಕ್ಕ ಅರ್ಧ ದಿನದ ರಜೆ ಹಾಕಿ ಆಸ್ಪತ್ರೆಗೆ ಹೋಗಬೇಕು. ತಮಗಾಗಿ ಅಲ್ಲ. "ಇವತ್ತು ಅವಳ ಕೊನೇ ರಕ್ತಪರೀಕ್ಷೆ," ಎಂದಷ್ಟೇ ಹೇಳಿ ಗ್ಲೌಸು ಕಳಚುತ್ತಾರೆ.

ಮೂರು ಆಸ್ಪತ್ರೆಗಳ ಬಟ್ಟೆ ಇಲ್ಲಿಗೆ ಬರುತ್ತದೆ. ದಿನಕ್ಕೆ ಎರಡು ಸಾವಿರದ ಇನ್ನೂರು ಬೆಡ್‌ಶೀಟು, ಆರು ನೂರು ಚಿಲ್ಲರೆ ರೋಗಿಗಳ ಅಂಗಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆ. ಎರಡು ಪಾಳಿಯಲ್ಲಿ ಮೂವತ್ತೆಂಟು ಹೆಂಗಸರು, ಒಂಬತ್ತು ಗಂಡಸರು. ಕೊಳೆಕೋಣೆಯಲ್ಲಿ ಗಂಟು ಬಿಚ್ಚಿ ಬೇರ್ಪಡಿಸುವವರದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ರಕ್ತ, ವಾಂತಿ, ಔಷಧದ ಘಾಟು. ಮೊದಲ ದಿನ ಊಟ ಸೇರುವುದಿಲ್ಲ, ಎರಡನೇ ದಿನ ಅರ್ಧ ಜನ ಬರುವುದಿಲ್ಲ. ಹಾಗಾಗಿ ಇಲ್ಲಿ ಒಗೆಯುವ ಕೆಲಸದಷ್ಟೇ ದೊಡ್ಡದು ಜನ ಹುಡುಕುವ ಕೆಲಸ.

ಬಾಗಿಲಕ್ಕ ಇಲ್ಲಿಗೆ ಬಂದದ್ದೇ ಬದಲಿಯಾಗಿ. ಕೆಲಸದಲ್ಲಿದ್ದ ಅಕ್ಕನಿಗೆ ಕೈ ಸುಟ್ಟಾಗ ಎಂಟು ದಿನ ಅವಳ ಜಾಗದಲ್ಲಿ ನಿಂತರು. ಅಕ್ಕ ವಾಪಸು ಬರಲಿಲ್ಲ, ಇವರು ಹೋಗಲಿಲ್ಲ. ಆರು ವರ್ಷ ಕಳೆದ ಮೇಲೆ ಯಜಮಾನರು, "ಜನ ನಿನ್ನ ಮಾತು ಕೇಳ್ತಾರೆ. ಇನ್ಮೇಲೆ ಸೇರಿಸ್ಕೊಳ್ಳೋದು ನೀನೇ ನೋಡ್ಕೋಮ್ಮ," ಎಂದುಬಿಟ್ಟರು.

ಇವರು ಜನರನ್ನು ಆರಿಸುತ್ತಿದ್ದ ರೀತಿ ಸರಳ. ಕೆಲಸ ಕೇಳಿಕೊಂಡು ಬಂದ ಇಬ್ಬರ ಕೈಗೆ ಒದ್ದೆ ಬೆಡ್‌ಶೀಟೊಂದನ್ನು ಕೊಟ್ಟು ಮಡಿಸಲು ಹೇಳುವುದು. ಇಬ್ಬರಿಗೂ ಪರಸ್ಪರ ಪರಿಚಯ ಇರಬಾರದು, ಮಾತಾಡಲೂಬಾರದು. "ಒಬ್ಬಳು ಎಳೆದಾಡ್ತಾಳೆ, ಎದುರಿನವಳ ಕೈಯಿಂದ ತುದಿ ಜಾರುತ್ತೆ. ಇನ್ನೊಬ್ಬಳು ಸುಮ್ನೆ ನಿಂತಿರ್ತಾಳೆ, ಮಡಿಸೋದೆಲ್ಲ ಎದುರಿನವಳ ಪಾಲಿಗೆ. ಎದುರಿನ ಕೈ ನೋಡಿ ತನ್ನ ಕೈ ಆಡಿಸೋರು ಹತ್ತಕ್ಕೆ ಮೂವರು. ಅವರನ್ನ ಕೊಳೆಕೋಣೆಗೆ ಹಾಕ್ಬಹುದು. ಪಕ್ಕದವಳು ತಪ್ಪು ಮಾಡಿದ್ರೂ ಕಾಣುತ್ತೆ ಅವರಿಗೆ."

"ಅಕ್ಕ ಮಗಳಿಗೆ ಗಂಡು ನೋಡೋಕೂ ಒದ್ದೆ ಬೆಡ್‌ಶೀಟ್ ತಗೊಂಡೇ ಹೋಗಿದ್ರು," ಎಂದು ಇಸ್ತ್ರಿ ಯಂತ್ರದ ಹೆಂಗಸರು ಛೇಡಿಸುತ್ತಾರೆ.

"ಹೋಗ್ಬೇಕಿತ್ತು. ಹೋಗಿದ್ರೆ ಈಗಿನ ಅಳಿಯ ಸಿಗ್ತಿರ್ಲಿಲ್ಲ," ಎಂಬ ಉತ್ತರ ತಕ್ಷಣ ಬರುತ್ತದೆ.

ಇವರ ಬಳಿ ಒಂದು ಉದ್ದನೆಯ ನೋಟುಪುಸ್ತಕವೂ ಇದೆ. ಓದು, ಅನುಭವ ಎಂಬ ಕಾಲಂ ಅದರಲ್ಲಿಲ್ಲ. ಯಾವ ಕೈ ವಾಟ, ಮಗು ಇದ್ದರೆ ಯಾರ ಹತ್ತಿರ ಬಿಟ್ಟು ಬರುತ್ತಾಳೆ, ಏನಾದರೂ ಆದರೆ ಮೊದಲು ಯಾರಿಗೆ ಹೇಳಬೇಕು, ಅವರ ಮನೆ ಎಲ್ಲಿ. ಹದಿಮೂರು ವರ್ಷದಲ್ಲಿ ಹೀಗೆ ನಾನೂರು ಚಿಲ್ಲರೆ ಹೆಂಗಸರು ಅದರಲ್ಲಿ ಸೇರಿದ್ದಾರೆ.

ಇಷ್ಟಿದ್ದೂ ಇವರ ಪದ್ಧತಿಯಲ್ಲಿ ತೂತುಗಳಿದ್ದವು. ಅದನ್ನು ಇವರೂ ಮುಚ್ಚಿಡುವುದಿಲ್ಲ. ಕಷ್ಟ ಹೇಳಿಕೊಂಡು ಅತ್ತವರ ಕಡೆಗೆ ಮನಸ್ಸು ವಾಲುತ್ತಿತ್ತು. ಕೂಗಾಡುವವರನ್ನು ಕಂಡರೆ ಆಗುತ್ತಿರಲಿಲ್ಲ, ಅವರಲ್ಲಿ ಒಳ್ಳೆಯ ಕೆಲಸಗಾರರು ಇದ್ದರೂ ಸರಿ. ಕಳೆದ ವರ್ಷ ಜ್ವರದ ಕಾಲದಲ್ಲಿ ಒಂದೇ ದಿನ ಹನ್ನೊಂದು ಜನ ಮಲಗಿದರು. ಬಾಗಿಲಕ್ಕ ಫೋನು ಹಿಡಿದು ಇಡೀ ಬೆಳಗು ಕೂತರೂ ಸಿಕ್ಕಿದ್ದು ಇಬ್ಬರೇ. ಹಸಿರು ಬಟ್ಟೆ ಹೊತ್ತಿಗೆ ಹೋಗಲಿಲ್ಲ. ಒಂದು ಆಸ್ಪತ್ರೆಯಲ್ಲಿ ಮೂರು ಆಪರೇಷನ್ ಮುಂದಕ್ಕೆ ಹೋದವು. ಇನ್ನೊಮ್ಮೆ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಪತ್ರ ಕಳಿಸಿದರು.

ಯಜಮಾನರ ನಿದ್ದೆ ಕೆಟ್ಟಿತು. ತಳ್ಳುಗಾಡಿಯಲ್ಲಿ ಬಟ್ಟೆ ಸಾಗಿಸಿ ಮೇಲೆ ಬಂದ ಮನುಷ್ಯ ಅವರು. ಬಾಗಿಲಕ್ಕನ ಬೆಲೆ ಗೊತ್ತಿಲ್ಲದವರಲ್ಲ. ಆದರೆ ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಯೊಂದು ಬಂದಿತ್ತು, ಅವರ ಮಾತಿನಲ್ಲಿ ಹುರುಳಿತ್ತು. ಜನರನ್ನು ಹುಡುಕುವುದು, ಸೇರಿಸುವುದು, ಬಿಡಿಸುವುದು ಎಲ್ಲ ನಮ್ಮ ತಲೆನೋವು, ಯಾರೇ ತಪ್ಪಿಸಿದರೂ ಎರಡು ಗಂಟೆಯೊಳಗೆ ಬದಲಿ ಎಂದರು. ಮೂರು ತಿಂಗಳು ಮಧ್ಯಾಹ್ನದ ಪಾಳಿಯನ್ನು ಅವರಿಗೆ ಕೊಟ್ಟು ನೋಡುವುದು, ಬೆಳಗಿನದು ಬಾಗಿಲಕ್ಕನ ಕೈಯಲ್ಲೇ ಇರುವುದು, ಆಮೇಲೆ ಯಾವುದು ಒಳ್ಳೆಯದೆಂದು ತೀರ್ಮಾನಿಸುವುದು ಎಂದಾಯಿತು. "ಮಧ್ಯಾಹ್ನದವರ ವಿಷಯಕ್ಕೆ ನೀನು ತಲೆ ಹಾಕ್ಬೇಡಮ್ಮ, ಲೆಕ್ಕ ಸರಿಯಾಗಿ ತಿಳೀಬೇಕು," ಎಂದು ಯಜಮಾನರು ಕಟ್ಟುನಿಟ್ಟಾಗಿ ಹೇಳಿದರು.

ಬದಲಿಗಳು ನಿಜಕ್ಕೂ ಬಂದರು. ಎರಡು ಗಂಟೆ ಎಂದರೆ ಎರಡೇ ಗಂಟೆ. ಬಾಗಿಲಕ್ಕ ಮರುದಿನ ಮಧ್ಯಾಹ್ನದವರ ಹಾಜರಿ ತೆಗೆದು ನೋಡುತ್ತಿದ್ದರು, ಒಂದಾದರೂ ತಪ್ಪಿರಲಿ ಎಂದು.

ಪ್ರಯೋಗದ ಮೂರನೇ ತಿಂಗಳ ಒಂದು ಮಂಗಳವಾರ. ಬೆಳಗಿನ ಪಾಳಿ ಮುಗಿಸಿ ಹೊರಟ ಬಾಗಿಲಕ್ಕ ಕೊಳೆಕೋಣೆಯ ಗಾಜಿನ ಕಿಟಕಿ ದಾಟುವಾಗ ಒಳಗೆ ಹೊಸ ಮುಖ ಕಂಡಿತು. ಇಪ್ಪತ್ತೈದರ ಒಳಗಿನ ಹೆಂಗಸು, ಕೈಯಲ್ಲಿ ತೆಳು ಗ್ಲೌಸು. ಗಂಟಿನ ಬಾಯಿಯೊಳಗೆ ಕೈ ತೂರಿಸಿ ಬಟ್ಟೆಯನ್ನು ಬಾಚಿ ಬಾಚಿ ಎಳೆಯುತ್ತಿದ್ದಾಳೆ.

ಮುಂದಿನದನ್ನು ಬಾಗಿಲಕ್ಕ ತಲೆ ತಗ್ಗಿಸದೆ, ದನಿ ಏರಿಸದೆ ಹೇಳುತ್ತಾರೆ. "ನಿಂತೆ. ನೋಡಿದೆ. ಕಿಟಕಿ ತಟ್ಟೋಕೆ ಕೈ ಎತ್ತಿದ್ದೆ ಕೂಡ. ಆಮೇಲೆ ಅನ್ಸ್ತು, ನನಗ್ಯಾಕೆ? ತಲೆ ಹಾಕ್ಬೇಡ ಅಂದಿದಾರಲ್ಲ. ಆಗ್ಲಿ ಏನಾದ್ರೂ. ಏಜೆನ್ಸಿ ಜನ ಎಂಥವರು ಅಂತ ಗೊತ್ತಾಗ್ಲಿ ಇವರಿಗೆ. ಹಂಗಂದ್ಕೊಂಡು ಮನೆಗೆ ಹೋದೆ. ಹೋಗಿ ಊಟ ಮಾಡ್ದೆ."

ಆ ಸಂಜೆ ಅವಳ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಯಾವ ರೋಗಿಗೆ ಬಳಸಿದ ಸೂಜಿ ಎಂದು ಯಾರಿಗೂ ಗೊತ್ತಿಲ್ಲ. ಪಾಳಿಯ ಮೇಲ್ವಿಚಾರಕ ಪಟ್ಟಿ ಅಂಟಿಸಿ ಮನೆಗೆ ಕಳಿಸಿದ. ಏಜೆನ್ಸಿಗೆ ಫೋನು ಹೋಯಿತು, ಎರಡು ಗಂಟೆಯೊಳಗೆ ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು, ಎರಡು ಸಾವಿರದ ಇನ್ನೂರು ಬೆಡ್‌ಶೀಟೂ ಮುಗಿದವು.

ಬುಧವಾರ ಬೆಳಗ್ಗೆ ಸುದ್ದಿ ತಿಳಿದ ಬಾಗಿಲಕ್ಕ ಮೊದಲು ಕೇಳಿದ್ದು, ಮಾತ್ರೆ ತಗೊಂಡಳಾ ಎಂದು. ಇಂಥ ಸೂಜಿ ಚುಚ್ಚಿದರೆ ಎಚ್‌ಐವಿ ತಗಲದಿರಲು ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು ಎಂದು ಇಲ್ಲಿನ ಹಳಬರಿಗೆಲ್ಲ ಗೊತ್ತು. ಅವಳಿಗೆ ಗೊತ್ತಿರಲಿಕ್ಕಿಲ್ಲ. ಏಜೆನ್ಸಿಗೆ ಫೋನು ಮಾಡಿದರೆ ವಿವರ ಕೊಡುವಂತಿಲ್ಲ ಎಂದರು. ಗುರುವಾರ ಅವರ ಕಚೇರಿಗೇ ಖುದ್ದಾಗಿ ಹೋಗಿ ಕೂತರು. ಮೂರನೇ ಮಹಡಿ, ಉದ್ದನೆಯ ಬೆಂಚು, ಗಾಜಿನ ಹಿಂದೆ ಕಂಪ್ಯೂಟರ್ ಮುಂದೆ ಕೂತ ಗುಮಾಸ್ತ. ಮಧ್ಯಾಹ್ನದವರೆಗೆ ಕಾಯಿಸಿ ಕಾರ್ಡಿನಲ್ಲಿದ್ದ ವಿಳಾಸ ಕೊಟ್ಟ. ಅಲ್ಲಿ ಹೋದರೆ ಬೀಗ. ಮನೆ ಖಾಲಿ ಮಾಡಿ ಎಷ್ಟೋ ತಿಂಗಳಾಗಿದೆ ಎಂದರು ಪಕ್ಕದವರು. ಶುಕ್ರವಾರ ಆ ಓಣಿಯ ಮನೆಮನೆಯ ಬಾಗಿಲು ಬಡಿದರು. ಸಂಜೆಯ ಹೊತ್ತಿಗೆ ಮೂರು ದಿನ ಮುಗಿಯಿತು.

ಗಾಯಕ್ಕೆಂದು ಏಜೆನ್ಸಿ ಕೊಟ್ಟ ರಜೆ ಮುಗಿದು, ಶನಿವಾರ ಮಧ್ಯಾಹ್ನ ಅದೇ ಹೆಸರಿನ ಕಾರ್ಡು ಯಂತ್ರದ ಮುಂದೆ ಬಂತು. ಬಾಗಿಲಕ್ಕ ಓಡಿಹೋಗಿ ಅವಳ ಕೈ ಹಿಡಿದರು. "ತೋರ್ಸಮ್ಮ ಬೆರಳು." ಬೆರಳಲ್ಲಿ ಗಾಯವಿಲ್ಲ. ಮುಖವೂ ಬೇರೆ.

"ಅವತ್ತು ಬಂದಿದ್ದು ನಾನಲ್ಲಕ್ಕ, ನನ್ನ ಓರಗಿತ್ತಿ," ಎಂದು ಅವಳು ಪಿಸುಗುಟ್ಟಿದಳು. "ನಂಗೆ ಜ್ವರ ಇತ್ತು. ಒಂದಿನ ತಪ್ಪಿದ್ರೆ ಹೆಸರು ತೆಗೀತಾರೆ ಅಂತ ಕಾರ್ಡು ಕೊಟ್ಟು ಅವಳನ್ನ ಕಳಿಸಿದ್ದೆ. ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

ಬೈಯಲು ಬಾಗಿಲಕ್ಕನಿಗೆ ಬಾಯಿ ಬರಲಿಲ್ಲ. ತಾವೂ ಹೀಗೇ ಬಂದವರು. "ಅವಳೆಲ್ಲಿದಾಳೆ ಈಗ?" ಎಂದಷ್ಟೇ ಕೇಳಿದರು.

ಓರಗಿತ್ತಿ ಮನೆಯಲ್ಲಿ ಏಳು ತಿಂಗಳ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಅಂದೇ ಬಾಗಿಲಕ್ಕ ಕರೆದೊಯ್ದಾಗ ಆಸ್ಪತ್ರೆಯ ಡಾಕ್ಟರಮ್ಮ ಬೆರಳು ನೋಡಿ, ದಿನ ಎಣಿಸಿ, "ನಿನ್ನೆ ಬಂದಿದ್ರೂ ಆಗ್ತಿತ್ತು," ಎಂದರು. ಈಗ ಮಾತ್ರೆಯಿಂದ ಪ್ರಯೋಜನವಿಲ್ಲ. ಒಂದು ಪರೀಕ್ಷೆ ಈಗ, ಇನ್ನೊಂದು ಆರು ವಾರಕ್ಕೆ, ಕೊನೆಯದು ಮೂರು ತಿಂಗಳಿಗೆ. ಅಲ್ಲಿವರೆಗೆ ಮಗುವಿಗೆ ಎದೆಹಾಲು ಬೇಡ ಎಂದರು. ಅಂದು ಮಗು ಬಾಟಲಿಯನ್ನು ತಳ್ಳಿ ತಳ್ಳಿ ಅತ್ತದ್ದು ಬಾಗಿಲಕ್ಕನ ಕಿವಿಯಿಂದ ಇನ್ನೂ ಹೋಗಿಲ್ಲ.

ಸೋಮವಾರ ಯಜಮಾನರು ಇವರನ್ನು ಕೋಣೆಗೆ ಕರೆದರು. ಏಜೆನ್ಸಿಯ ಕರಾರುಪತ್ರ ಮೇಜಿನ ಮೇಲಿತ್ತು. "ನೀನು ಗೆದ್ದೆಮ್ಮ," ಎಂದರು. "ಗಂಟು ಬಿಚ್ಚೋದೂ ಕಲಿಸದೆ ಜನ ಕಳಿಸ್ತಾರೆ. ನಿನ್ನ ಕಾಲದಲ್ಲಿ ಒಬ್ಬರಿಗೂ ಸೂಜಿ ಚುಚ್ಚಿಲ್ಲ. ಇದನ್ನ ವಾಪಸ್ ಕಳಿಸ್ತೀನಿ."

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಬಾಗಿಲಕ್ಕ, "ನಾನು ನೋಡಿದ್ದೆ ಯಜಮಾನ್ರೇ," ಎಂದರು. ಕಿಟಕಿ, ಎತ್ತಿದ ಕೈ, ಮನೆಯ ಊಟ, ಒಂದನ್ನೂ ಬಿಡದೆ ಹೇಳಿದರು.

ಯಜಮಾನರು ಕರಾರುಪತ್ರವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಹೇಳಿದರು: "ನಿನ್ನ ಮನಸ್ಸು ಚೆನ್ನಾಗಿದ್ದ ದಿನ ಜನ ಬದುಕ್ತಾರೆ, ಇಲ್ಲದ ದಿನ ಸಾಯ್ತಾರೆ ಅಂದ್ರೆ ಹೇಗಮ್ಮ ನಡೆಸ್ಲಿ ನಾನು?"

"ಅವರು ಕೇಳಿದ್ದು ಸರಿಯಾಗೇ ಇತ್ತು," ಎನ್ನುತ್ತಾರೆ ಬಾಗಿಲಕ್ಕ. ಮುಂದಿನ ತಿಂಗಳಿಂದ ಎರಡೂ ಪಾಳಿಯ ಜನರನ್ನು ಸೇರಿಸಿಕೊಳ್ಳುವುದು ಏಜೆನ್ಸಿಯ ಪಾಲಾಯಿತು. ಗಂಟು ಬಿಚ್ಚುವ ಕ್ರಮವನ್ನು ಏಜೆನ್ಸಿಯವರು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಳೆಕೋಣೆಯ ಗೋಡೆಗೆ ಅಂಟಿಸಿದರು. ಹಬೆಗೆ ಹಾಳೆ ವಾರದಲ್ಲೇ ಸುರುಟಿತು. ಬಾಗಿಲಕ್ಕ ಮಡಿಸುವ ಮೇಜಿಗೆ ವಾಪಸಾದರು. ಅವರ ಕೊರಳಿಗೂ ಒಂದು ಕಾರ್ಡು ಬಂತು. ಐದೂ ಕಾಲಿಗೆ ಬಂದು ಹೊಸಬರಿಗೆ ಕಲಿಸುತ್ತೇನೆ ಎಂದಾಗ ಏಜೆನ್ಸಿಯವರು ಬೇಡವೆನ್ನಲಿಲ್ಲ. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರಷ್ಟೆ. ಬಾಗಿಲಕ್ಕ ತಮ್ಮ ನೋಟುಪುಸ್ತಕವನ್ನೂ ಒಯ್ದು ಕೊಡಲು ನೋಡಿದರು. "ಇರ್ಲಿ ಬಿಡಿ, ನಮ್ಮಲ್ಲಿ ಎಲ್ಲ ಕಂಪ್ಯೂಟರಲ್ಲಿದೆ ಅಂದ್ರು. ಏನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು ಅಂತ ಒಂದು ಕಾಲಂ ಆದ್ರೂ ಹಾಕಿ ಸಾರ್ ಅಂದೆ. ನೋಡೋಣ ಅಂದಿದಾರೆ."

ಹನ್ನೊಂದು ಗಂಟೆ. ದಿನವೂ ಲಾಂಡ್ರಿಯ ವ್ಯಾನು ಹಿಂದಿನ ಗೇಟಿನಿಂದ ಹೋಗುವ ಆಸ್ಪತ್ರೆಗೆ ಬಾಗಿಲಕ್ಕ, ಸೂಜಿ ಚುಚ್ಚಿಸಿಕೊಂಡವಳು ಇಬ್ಬರೂ ಮುಂದಿನ ಬಾಗಿಲಿನಿಂದ ಹೋಗುತ್ತಾರೆ. ಮಗು ಈಗ ಹತ್ತು ತಿಂಗಳಿನದು, ಬಾಗಿಲಕ್ಕನ ಸೊಂಟದ ಮೇಲೆ ಕೂತು ಅವರ ಕಾರ್ಡಿನ ದಾರ ಚೀಪುತ್ತಿದೆ. ಮೊದಲ ಎರಡು ಪರೀಕ್ಷೆಯಲ್ಲಿ ಏನೂ ಬಂದಿಲ್ಲ. ಕೊನೆಯದರ ಫಲಿತಾಂಶ ಸೋಮವಾರ.

"ಸೋಮವಾರನೂ ಬರ್ತೀರಾ ಅಕ್ಕ?" ಎಂದು ಅವಳು ಕೇಳುತ್ತಾಳೆ. ಕಿಟಕಿಯ ವಿಷಯ ಅವಳಿಗೆ ಗೊತ್ತು. ಬಾಗಿಲಕ್ಕನೇ ಹೇಳಿದ್ದಾರೆ. ಕೇಳಿ ಅವಳು ಎರಡು ವಾರ ಮಾತು ಬಿಟ್ಟಿದ್ದಳು.

"ಬರದೆ ಇರ್ತೀನಾ?"

ಕೌಂಟರಿನಲ್ಲಿ ಕೂತ ಹುಡುಗಿ ಫಾರಂ ತುಂಬಿಸುತ್ತಾ ಬಾಗಿಲಕ್ಕನ ಕಡೆ ನೋಡುತ್ತಾಳೆ. "ಜೊತೆಗೆ ಬಂದೋರು ನೀವಾ? ತಾಯೀನಾ, ಅತ್ತೇನಾ?"

"ಎರಡೂ ಅಲ್ಲ."

"ಮತ್ತೆ ಏನಂತ ಬರ್ಕೊಳ್ಲಿ?"

ನಾನೂರು ಚಿಲ್ಲರೆ ಹೆಂಗಸರನ್ನು ಆ ಬಾಗಿಲಿನಿಂದ ಒಳಗೆ ಕರೆದುಕೊಂಡವರು ಬಾಗಿಲಕ್ಕ. ಅವರ ನೋಟುಪುಸ್ತಕದಲ್ಲಿ ಇವಳ ಹೆಸರಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೇಳುತ್ತಾರೆ:

"ಕೆಲಸಕ್ಕೆ ಸೇರಿಸ್ಕೊಂಡೋಳು ಅಂತ ಬರ್ಕೊಳ್ಳಮ್ಮ."