ಎರಡೂ ಕಡೆಯವರು

ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯ ಬಾಳೆತೋಟದ ಯಜಮಾನರಿಲ್ಲದೆ ಯಾರ ಮದುವೆ ಮಾತುಕತೆಯೂ ನಡೆಯುತ್ತಿರಲಿಲ್ಲ. ಚಾಪೆಯ ಮೇಲೆ ಕೂತವರೇ ಸುತ್ತ ಕಣ್ಣಾಡಿಸಿ, "ಎರಡೂ ಕಡಿ ಮಂದಿ ಸಮ ಇರಬೇಕ್ರಿ" ಎನ್ನುತ್ತಿದ್ದರು.

ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಆಪರೇಷನ್ ಡಾಕ್ಟರು, ವಿಕಿರಣದ ಕರೆಂಟು ಕೊಡುವ ಡಾಕ್ಟರು, ಔಷಧಿ ಡಾಕ್ಟರು ಮೂವರೂ ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಾರೆ, ಬನ್ನಿ ಎಂದು ದೊಡ್ಡಾಸ್ಪತ್ರೆಯಿಂದ ಹೇಳಿಕಳಿಸಿದರು.

"ಅವರ ಕಡಿ ಮೂರು ಮಂದಿ. ನಾನೊಬ್ಬನ ಹೋಗ್ಲೇನು?" ಎಂದು ನನ್ನನ್ನೂ ತಮ್ಮ ಭಾವನನ್ನೂ ಬಸ್ಸು ಹತ್ತಿಸಿದರು.

ಡಾಕ್ಟರುಗಳು ಮುಖ ಮುಖ ನೋಡಿಕೊಂಡು ನಮಗೂ ಕುರ್ಚಿ ಹಾಕಿಸಿದರು. ಮೊದಲು ಆಪರೇಷನ್, ಆಮೇಲೆ ಆರು ವಾರ ಕರೆಂಟು ಎಂದರು.

"ನಾಕು ವಾರಕ್ಕ ಮುಗಸ್ರಲ್ಲ" ಎಂದು ಭಾವ ಚೌಕಾಸಿಗಿಳಿದರು.

"ಸುಮ್ಕಿರ್ರಿ ಭಾವ" ಎಂದು ಯಜಮಾನರು ಗದರಿದರು. "ಅವರು ಮೂರೂ ಮಂದಿ ಒಂದ ಮಾತು ಹೇಳಾಕತ್ತಾರ. ಹಿಂಗಿದ್ರ ನಾನು ಒಪ್ಪಿದೆ."

ಚೀಲದಿಂದ ಪೊಟ್ಟಣ ತೆಗೆದು, ಸಂಬಂಧ ಕುದುರಿದಾಗ ಹಂಚುವಂತೆ ಮೂವರ ಅಂಗೈಗೂ ಸಕ್ಕರೆ ಹಾಕಿದರು. ಖಾಲಿ ಪೊಟ್ಟಣ ಮಡಚಿ ಚೀಲಕ್ಕೆ ಹಾಕಿಕೊಂಡರು.

"ಸಂಬಂಧ ಮುರಿಯೂದಿಲ್ಲಲ್ರಿ?" ಎಂದು ಮೆಲ್ಲಗೆ ಕೇಳಿದರು.

ಆಪರೇಷನ್ ಡಾಕ್ಟರು ಸಕ್ಕರೆ ಬಾಯಿಗೆ ಹಾಕಿಕೊಂಡು, "ನಮ್ಮ ಕಡೆಯಿಂದ ಮುರಿಯಲ್ಲ, ಯಜಮಾನ್ರೆ" ಎಂದರು.