ಚೌಡಕ್ಕನ ಕಬ್ಬಿಣದ ಕುಲ

ವಾರ್ಡಿನ ಔಷಧಿ ಗಾಡಿಯ ಚಕ್ರ ಕಿರುಗುಟ್ಟಿದರೆ ಆಯಾ ಚೌಡಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದಳು. ತಲೆಗೆ ಹಚ್ಚಿಕೊಳ್ಳಲು ತಂದಿದ್ದ ಕೊಬ್ಬರಿ ಎಣ್ಣೆಯನ್ನೇ ಬೆರಳಿಂದ ಅದರ ಅಚ್ಚಿಗೆ ಬಿಡುತ್ತಾ, “ಕುಡಿ ಮಗಾ. ಎಲ್ರೂ ನಿನ್ನ ಎಳ್ದಾಡೋರೇ. ನೋಯ್ತದಾ ಅಂತ ಒಬ್ರಾದ್ರೂ ಕೇಳವ್ರಾ?” ಎನ್ನುತ್ತಿದ್ದಳು. ಮೊದಲ ಸಲ ಅದನ್ನು ಕೇಳಿದಾಗ, ಈ ಹೆಂಗಸಿಗೆ ತಲೆ ಸರಿಯಿಲ್ಲ ಅಂದುಕೊಂಡೆ.

ನಾನಾಗ ನಗುವ ಸ್ಥಿತಿಯಲ್ಲಿರಲಿಲ್ಲ. ಗಣಿಯೊಳಗೆ ಬಂಡೆ ಸಿಡಿದು ಬಲಗಾಲು ಹೋಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕ್ಯಾಸಂಬಳ್ಳಿಯಿಂದ ಅವ್ವ ಬಂದರೂ, ಹೆಂಡತಿ ಲಕ್ಷ್ಮಿ ಬಂದರೂ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಮಂಚಕ್ಕೆ ಒರಗಿಸಿದ್ದ ಊರುಗೋಲನ್ನು ಮುಟ್ಟಿಯೂ ಇರಲಿಲ್ಲ.

ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ ಕಾಲ ಅದು. ಪಕ್ಕದ ಮಂಚದ ಮಾಣಿಕ್ಯಂ ಗಣಿಯ ಧೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡವನು. ತಮಿಳು ಪೇಪರು ಓದಿ, ಕನ್ನಡದಲ್ಲಿ ನಮಗೆಲ್ಲ ಹೇಳುತ್ತಿದ್ದ. ಮುಂದೆ ಮನುಷ್ಯರ ಹಾಗೆ ನಡೆದಾಡುವ ಯಂತ್ರಗಳನ್ನು ಮಾಡಿ ಬೇರೆ ಲೋಕಗಳಿಗೆ ಕಳಿಸುತ್ತಾರಂತೆ ಎಂದು ಒಂದು ಮಧ್ಯಾಹ್ನ ಅವನು ಹೇಳಿದ. ನೆಲ ಒರೆಸುತ್ತಿದ್ದ ಚೌಡಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

“ಕಳ್ಸಿದೋರು ಮರ್ತೋದ್ರೆ ಅವು ಏನ್ಮಾಡ್ಬೇಕು?”

“ಯಂತ್ರ ತಾನೆ ಅಕ್ಕಾ. ಬಿದ್ದಿರ್ತದೆ.”

“ಬಿದ್ದಿರಾಕೆ ಅದೇನು ಕಲ್ಲಾ? ಕೈಯಿ ಕಾಲು ಕೊಟ್ಟವ್ರಲ್ಲ!”

ಮಾರನೆಯ ದಿನದಿಂದ ಕತೆ ಶುರುವಾಯಿತು. ಕೆಲಸ ಮುಗಿದ ಮೇಲೆ ಬಾಗಿಲ ಬಳಿ ಕೂತು, ಎಲೆಯಡಿಕೆ ಮೆಲ್ಲುತ್ತಾ ಹೇಳುತ್ತಿದ್ದಳು. ಎಲ್ಲೋ ಒಂದು ಕಾಡುಲೋಕ. ಅಲ್ಲಿ ಇಳಿದ ಕಬ್ಬಿಣದ ಜನ ಮೊದಮೊದಲು ಸಾಲಾಗಿ ನಿಂತು ಆಕಾಶವನ್ನೇ ನೋಡುತ್ತಿದ್ದರು. ಯಾರೂ ಬರಲಿಲ್ಲ. ಇದ್ದಷ್ಟು ಎಣ್ಣೆಗೆ ಜಗಳ ಬಿತ್ತು. ಆಗ ಅವರಲ್ಲೊಬ್ಬಳು ಮುದುಕಿ ಎದ್ದು, “ಬರೋರು ಬರ್ಲಿ, ಅಲ್ಲೀಗಂಟ ನಾವು ಬದುಕ್ಬ್ಯಾಡ್ವಾ?” ಎಂದಳು. ಹಟ್ಟಿ ಕಟ್ಟಿದರು. ತುಕ್ಕು ಹಿಡಿಯದಂತೆ ಸೋಗೆ ಹೊದಿಸಿದರು. ಕೊರೆಯುವವರದು ಒಂದು ಕುಲ, ಹೊರುವವರದು ಒಂದು, ದೀಪ ಹಿಡಿಯುವವರದು ಇನ್ನೊಂದು. ಕುಲ ಬೇರೆಯಾದರೂ ಕೊಡುವ ತರುವ ಸಂಬಂಧಕ್ಕೆ ಅಡ್ಡಿಯಿಲ್ಲ ಎಂದು ಆ ಮುದುಕಿಯೇ ಕಟ್ಟಳೆ ಮಾಡಿದಳು. ಹೊತ್ತು ಮುಳುಗುವಾಗ ಎಲ್ಲರ ಹೆಸರು ಕೂಗಬೇಕು. ಒಬ್ಬರು ಓಗೊಡದಿದ್ದರೂ ಇಡೀ ಹಟ್ಟಿ ಹುಡುಕಲು ಹೊರಡಬೇಕು. ವಾರ್ಡಿನವರೂ ಸುಮ್ಮನಿರದೆ ಆ ಹಟ್ಟಿಯ ಪಂಚಾಯ್ತಿಗೆ ಕೂರುತ್ತಿದ್ದರು. ನಾನು ಮಾತ್ರ ಗೋಡೆ ನೋಡುತ್ತಲೇ ಕೇಳುತ್ತಿದ್ದೆ.

ಒಂದು ದಿನ ಕತೆಯೊಳಗೆ ಬಂಡೆ ಉರುಳಿ ಒಬ್ಬನ ಕಾಲು ಮುರಿಯಿತು.

“ಈಗ ಏನ್ಮಾಡಾದು?” ಎಂದು ಚೌಡಕ್ಕ ವಾರ್ಡನ್ನು ಕೇಳಿದಳು.

ಮಾಣಿಕ್ಯಂ ಕೆಮ್ಮುತ್ತಲೇ ನಕ್ಕ. “ಬಿಚ್ಚಬೇಕು ಅಕ್ಕಾ. ಅದರ ಸಾಮಾನಿನಲ್ಲಿ ಮೂರು ಜನ ರಿಪೇರಿ ಆಗ್ತಾರೆ.”

“ಬಿಚ್ಚಬ್ಯಾಡಿ!”

ಕೂಗಿದವನು ನಾನೇ. ಎದ್ದು ಕೂತಿದ್ದೆ. ವಾರ್ಡಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಯಾಕ್ಲಾ ಬಿಚ್ಚಬಾರ್ದು?” ಚೌಡಕ್ಕನ ದನಿಯಲ್ಲಿ ಕನಿಕರವೇನೂ ಇರಲಿಲ್ಲ. “ಕುಂಟು ಯಂತ್ರಕ್ಕೆ ಏನ್ ಕೆಲ್ಸ ಐತೆ? ನಾಳೀಕೆ ಯೋಚ್ನೆ ಮಾಡಿ ಯೋಳು. ಯೋಳ್ದಿದ್ರೆ ಮಾಣಿಕ್ಯಪ್ಪ ಯೋಳ್ದಂಗೇ ಆಯ್ತದೆ.”

ಅವತ್ತು ನನಗೆ ಬೇರೇನೂ ಯೋಚನೆಯಿರಲಿಲ್ಲ. ಮರುದಿನ ಅವಳು ಬಂದು ಕೂರುವ ಮೊದಲೇ ಹೇಳಿದೆ: “ಗುಡ್ಡದ ಮ್ಯಾಲೆ ಕೂತ್ಕಂತಾನೆ ಅಕ್ಕಾ. ಬಂಡೆ ಬಿರುಕು ಬಿಡೋ ಸದ್ದು, ಮೃಗ ಬರೋ ಸದ್ದು ಅವನಿಗೆ ಮೊದ್ಲು ಕೇಳ್ತದೆ. ಕೂಗಿ ಯೋಳ್ತಾನೆ.”

ಅವಳು ನನ್ನನ್ನೇ ದಿಟ್ಟಿಸಿದಳು. “ಊಟ ಮಾಡ್ದೆ ಕೂಗಾಕೆ ದನಿ ಎಲ್ಲಿಂದ ಬತ್ತದೆ ಅವನ್ಗೆ?” ಎಂದು ತನ್ನ ಬುತ್ತಿಯ ಮುದ್ದೆ, ಸೊಪ್ಪಿನ ಸಾರು ಮುಂದಿಟ್ಟಳು. ಉಂಡೆ. ಆ ವಾರವೇ ಊರುಗೋಲು ಹಿಡಿದೆ. ಲಕ್ಷ್ಮಿ ಬಂದಾಗ ಬಾಗಿಲವರೆಗೆ ಹೋಗಿ ನಿಂತೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಚೌಡಕ್ಕನ ಗಂಡನೂ ಗಣಿಯಲ್ಲೇ ಹೋದವನು ಎಂದು ನನಗೆ ಹೇಳಿದ್ದು ಮಾಣಿಕ್ಯಂ. ಊರಿನ ಮೈದುನಂದಿರು ಬಾಗಿಲು ಮುಚ್ಚಿದಾಗ, ಗಣಿ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನ ತಮಿಳು, ತೆಲುಗು ಮನೆಯ ಹೆಂಗಸರು ಆಕೆಯನ್ನು ತಮ್ಮಲ್ಲಿ ಇರಿಸಿಕೊಂಡರಂತೆ. ಕತೆ ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು.

ಮಾಣಿಕ್ಯಂಗೆ ಕೊನೆಕೊನೆಗೆ ಉಸಿರು ಎಳೆಯುವುದೇ ಕಷ್ಟವಾಯಿತು. “ಅಕ್ಕಾ, ಅವರನ್ನ ಕರ್ಕೊಂಡು ಹೋಗಕ್ಕೆ ಯಾರೂ ಬರಲ್ವಾ?” ಎಂದು ಕೇಳಿದ.

ಅವನ ಮಂಚದ ಅಂಚಿಗೆ ಕೂತು ಅವಳು ಹೇಳಿದಳು: “ಬಂದ್ರು ಕಣಪ್ಪಾ. ದೊಡ್ ವಿಮಾನ ತಕ್ಕಂಡು ಬಂದ್ರು. ಅತ್ತಿ, ಓಗಾನ ಅಂದ್ರು. ನಮ್ಮೋರು ಚಾಪೆ ಹಾಸಿದ್ರು, ನೀರು ಕೊಟ್ರು. ಆಮ್ಯಾಕೆ, ‘ಇವತ್ತು ನಮ್ಮಟ್ಟೀಲಿ ಮದ್ವೆ ಐತೆ, ನೀವೂ ಉಂಡ್ಕಂಡೋಗಿ’ ಅಂದ್ರು. ಯಾರೂ ವಿಮಾನ ಅತ್ತಲಿಲ್ಲ.”

ಮಾಣಿಕ್ಯಂ ಕಣ್ಣು ಮುಚ್ಚಿಕೊಂಡೇ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕಡೆಯದು.

ಆಸ್ಪತ್ರೆಯಿಂದ ಬಂದ ಮೇಲೆ ಹೊಲಿಗೆ ಕಲಿತು ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟೆ. ಕಾಲಿನಿಂದ ತುಳಿಯುವ ಯಂತ್ರ ನನಗಾಗದು. ಕೈಯಿಂದ ತಿರುಗಿಸುವುದು ಸಿಕ್ಕಿತು. ಚೌಡಕ್ಕ ಸಂತೆಗೆ ಬಂದಾಗೆಲ್ಲ ಅಂಗಡಿಯಲ್ಲಿ ಕೂತು, ನನ್ನ ಮಗಳ ತಲೆ ಬಾಚಿ, ರೈಲಿನ ಹೊತ್ತಿಗೆ ಏಳುತ್ತಿದ್ದಳು. “ನೀನಿಲ್ಲದಿದ್ರೆ ನಾನು ಇರ್ತಿರ್ಲಿಲ್ಲ ಅಕ್ಕಾ” ಎಂದು ಒಮ್ಮೆ ಹೇಳಿದೆ. “ಏ ಸುಮ್ಕಿರ್ಲಾ, ಉಂಡೋನು ನೀನು” ಎಂದು ಚೀಲ ಎತ್ತಿಕೊಂಡು ಹೊರಟಳು.

ಕೆಲವು ವರ್ಷಗಳ ಮೇಲೆ ಅವಳು ಹೋದ ಸುದ್ದಿ ಬಂತು. ಮಕ್ಕಳಿಲ್ಲದವಳು, ನಾಲ್ಕು ಜನವಾದರೂ ಸೇರುತ್ತಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಊರಿಗಾಮಿಗೆ ಹೋದೆ. ಲೈನಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ರೋಗಿಗಳು, ಅವರ ಮನೆಯವರು. ಮೂರು ಭಾಷೆಗಳಲ್ಲಿ ಅಳು. ಊರುಗೋಲಿನವರೇ ಏಳೆಂಟು ಜನ ಇದ್ದೆವು. ನಮಗೆ ಹೆಗಲು ಕೊಡಲಾಗುವುದಿಲ್ಲವೆಂದು ಹಿಂದೆ ಸರಿದು ನಿಂತೆವು. ಚಟ್ಟ ಹೊತ್ತವರಲ್ಲೊಬ್ಬ ನಮ್ಮತ್ತ ತಿರುಗಿ, “ನೀವು ಮುಂದೆ ನಡೀರಿ” ಎಂದ. ಸುಡುಗಾಡು ದೂರವಿತ್ತು, ಬಿಸಿಲೂ ಇತ್ತು. ನಾವು ಮುಂದೆ ನಡೆದೆವು. ಹೊತ್ತವರು ಅಷ್ಟು ದೂರವೂ ನಮ್ಮ ನಡಿಗೆಗೆ ತಕ್ಕಂತೆ ನಿಧಾನವಾಗಿಯೇ ಬಂದರು.